ಮಂಜ ಸಹಿ ಹಾಕಿದ ಶುಕ್ರವಾರ

ಮಂಜನ ಎಡಗಾಲನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಎನ್.ಆರ್. ಕಾಲೋನಿಯ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ನಾನು ಅವನಿಗಿಂತ ಎರಡು ವರ್ಷ ಮೊದಲೇ ಸೇರಿದವನು, ಬೆಳಿಗ್ಗೆ ಐದಕ್ಕೇ ಎದ್ದು ಓಡುವವನು. ಅವನೋ, ಕಾಟನ್‌ಪೇಟೆಯಿಂದ ತಡವಾಗಿ ಬಂದು, ಬಾಯಲ್ಲಿ ಬನ್ ಅಗಿಯುತ್ತಲೇ ಒದ್ದರೂ ಚೆಂಡು ಗೋಲಿನ ಮೂಲೆಗೇ ಹೋಗಿ ಬೀಳುತ್ತಿತ್ತು. "ನೋಡಿ ಕಲ್ತ್ಕೊಳೋ" ಎಂದು ಕೋಚ್ ಹೇಳುತ್ತಿದ್ದದ್ದು ನನಗೆ.

ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಅವನು ಆಸ್ಪದ ಕೊಡುತ್ತಿರಲಿಲ್ಲ. ಎದುರಿಗೆ ಖಾಲಿ ಗೋಲಿದ್ದರೂ ಚೆಂಡನ್ನು ನನ್ನ ಕಡೆ ತಳ್ಳಿ, "ನೀನ್ ಹೊಡಿ ಮಗಾ, ನಂದು ನಿನ್ನೆ ಆಯ್ತು" ಎನ್ನುವನು. ಹೊಡೆದ ಗೋಲು ಅವನು ಹಾಕಿದ ಭಿಕ್ಷೆ ಅನ್ನಿಸಿ ನನಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಹತ್ತೊಂಬತ್ತು ತುಂಬಿದಾಗ ಗೋವಾದ ಕ್ಲಬ್ಬೊಂದು ಅವನನ್ನು ಒಂದು ಸೀಸನ್ನಿಗೆ ಲೋನ್ ಮೇಲೆ ಕೇಳಿತು. ಆಟಗಾರ ನಮ್ಮ ಕ್ಲಬ್ಬಿನವನೇ, ಆಡುವುದು ಮಾತ್ರ ಅವರಿಗೆ, ಸಂಬಳವೂ ಅವರದೇ. ನನ್ನನ್ನು ಯಾರೂ ಕೇಳಲಿಲ್ಲ.

ಸಹಿ ಹಾಕುವ ಶುಕ್ರವಾರ ಅವನಮ್ಮ ಕರಾರುಪತ್ರವನ್ನು ದೇವರ ಮುಂದಿಟ್ಟು, ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಇಂಗ್ಲಿಷ್ ಬಲ್ಲವನೆಂದು ಅದನ್ನು ನನ್ನ ಕೈಗೆ ಕೊಟ್ಟರು.

"ಹತ್ತೂವರೆಗೆ ರಾಹುಕಾಲ ಬಂದ್ಬಿಡುತ್ತೆ ಕಣಪ್ಪಾ, ಬೇಗ ನೋಡು."

ಏಳನೇ ಪುಟದಲ್ಲಿತ್ತು: ಗಾಯವಾಗಿ ಒಂದು ತಿಂಗಳು ಆಡದಿದ್ದರೆ ಸಂಬಳ ಬಂದ್, ಚಿಕಿತ್ಸೆಯ ಖರ್ಚು ಆಟಗಾರನದೇ, ಲೋನ್ ಮುಗಿಯುವ ತನಕ ನಮ್ಮ ಕ್ಲಬ್ಬಿಗೂ ಹೊಣೆಯಿಲ್ಲ. ಎದುರಿಗೆ ಕೂತ ಮಂಜ ನೋಡುತ್ತಿದ್ದಂತೆಯೇ ಎರಡು ಸಲ ಓದಿದೆ.

"ಎಲ್ಲಾ ಸರಿಯಾಗಿದೆ ಅಮ್ಮಾ" ಎಂದೆ.

ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳಿದ ಅಂತಾರೆ ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ. ನಿಜ ಅದಲ್ಲ. ಅವನಿಗೊಂದು ಏಟು ಬೀಳಲಿ ಎಂದಿತ್ತು ಮನಸ್ಸು. ಹತ್ತೂ ಇಪ್ಪತ್ತಕ್ಕೆ ಮಂಜ ಸಹಿ ಹಾಕಿದ.

ಐದನೇ ಪಂದ್ಯದಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಗೋವಾದವರು ಏಳನೇ ಪುಟ ತೋರಿಸಿದರು, ನಮ್ಮವರೂ ಅದನ್ನೇ ತೋರಿಸಿದರು. ಆಪರೇಷನ್ನಿಗೆ ಅವನಮ್ಮನ ಎರಡೆಳೆ ಸರ ಅಡವಿಗೆ ಹೋಯಿತು. ಮೊದಲಿನ ಹಾಗೆ ಓಡುವುದು ಅವನಿಂದ ಮತ್ತೆ ಆಗಲೇ ಇಲ್ಲ. ತಂಡದಲ್ಲಿ ಅವನ ಜಾಗ ನನಗೆ ಸಿಕ್ಕಿತು.

ಕೊನೆಯ ಸಲ ಸಿಕ್ಕಿದ್ದು ಬಳೇಪೇಟೆಯ ಸಗಟು ಅಂಗಡಿಯೊಂದರಲ್ಲಿ. ಬಳೆ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದವನು ಕುಂಟುತ್ತಲೇ ಎದ್ದು ಬಂದು, "ಇವ್ನೇ ನಮ್ ಟೀಮ್ ಫಾರ್ವರ್ಡ್" ಎಂದು ಅಂಗಡಿಯವರಿಗೆಲ್ಲ ನನ್ನನ್ನು ತೋರಿಸಿದ. ಅವನ ಜಾಗದಲ್ಲಿದ್ದರೆ ನಾನು ಮುಖ ಕೂಡ ನೋಡುತ್ತಿರಲಿಲ್ಲ. ಕಾಲು ಹೋದ ಮೇಲೂ ಅವನಲ್ಲಿ ಮತ್ಸರಪಡುವಂಥದ್ದು ಇನ್ನೂ ಉಳಿದಿತ್ತಲ್ಲ!

"ನಾಳೆ ಹುಬ್ಬಳ್ಳಿಗೆ ಹೋಗ್ತಿದೀನಿ, ಮಾವನ ಅಂಗಡಿಗೆ. ಇನ್ನು ಅಲ್ಲೇ" ಎಂದ.

ಇನ್ನು ತಡೆಯಲಾಗಲಿಲ್ಲ. "ಮಂಜ, ಆ ಏಳನೇ ಪುಟ ನಾನು ಅವತ್ತೇ ಓದಿದ್ದೆ ಕಣೋ."

"ಗೊತ್ತು ಮಗಾ. ಆ ಪುಟದ ಹತ್ರ ಜಾಸ್ತಿ ಹೊತ್ತು ನಿಂತ್ಬಿಟ್ಟಿದ್ದೆ ನೀನು." ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿ ಗಂಟು ಬಿಗಿಮಾಡಿದ. "ಅಮ್ಮಂಗೆ ಮಾತ್ರ ಹೇಳ್ಬೇಡ. ದೇವಸ್ಥಾನಕ್ಕೆ ಹೋದಾಗೆಲ್ಲ ನಿನ್ ಹೆಸರಿಗೂ ಅರ್ಚನೆ ಮಾಡಿಸ್ತಾಳೆ."