ರೇಡಿಯೋ ಬಾಯಿ ಮುಚ್ಚಿದ ಶುಕ್ರವಾರ

ಒಂಟಿಕೊಪ್ಪಲಿನ ನಮ್ಮ ಮನೆ ಅಂದರೆ ಒಂದು ಹಾಲ್, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಒಂದು ರೂಮು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರ ಮಂಚ ಹಾಲಿಗೆ ಬಂತು. ಮಂಚದ ಹಿಂದೆಯೇ ರೇಡಿಯೋ ಬಂತು.

ತಂದವರು ನನ್ನ ಗಂಡ. ಅಮ್ಮನಿಗೆ ಹೊತ್ತು ಹೋಗಲಿ ಅಂತ, ಇಂಟರ್‌ನೆಟ್ಟಿನಲ್ಲಿ ಹಗಲೂ ರಾತ್ರಿ ಕ್ರೈಸ್ತ ಭಕ್ತಿಗೀತೆ ಹಾಕುವ ಒಂದು ಸ್ಟೇಷನ್ ಹಚ್ಚಿಕೊಟ್ಟು ಆಫೀಸಿಗೆ ಹೊರಟುಬಿಟ್ಟರು. ಪುಣ್ಯಾತ್ಮ, ಕೇಳುವುದು ಅವರಲ್ಲವಲ್ಲ! ಅತ್ತೆಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಸೌಂಡು ಯಾವಾಗಲೂ ಜಾಸ್ತಿ.

ಹೊಸ ಹಾಡೆಲ್ಲ ಕೆಟ್ಟದ್ದು ಅನ್ನುವವಳಲ್ಲ ನಾನು. ಅಪರೂಪಕ್ಕೆ ಒಂದು ಒಳ್ಳೆಯದು ಬಂದರೆ ಸೌಟು ಹಿಡಿದುಕೊಂಡೇ ನಿಂತುಬಿಡುತ್ತಿದ್ದೆ. ಉಳಿದದ್ದರ ಕಥೆ ಕೇಳಬೇಡಿ. ಎಲ್ಲದಕ್ಕೂ ಅದೇ ಕೀಬೋರ್ಡು, ಅದೇ ಡಬಡಬ. ಮೊದಲ ಸಾಲಿಗೇ ಗಾಯಕರಿಗೆ ಗಂಟಲು ಕಟ್ಟಿ ಅಳು ಬರುತ್ತದೆ. ಎಲ್ಲಿಂದಲೋ ತಂದ ರಾಗಕ್ಕೆ ಕನ್ನಡವನ್ನು ತುರುಕಿರುತ್ತಾರೆ. ಕರುಣೆ ಅನ್ನುವ ಪುಟ್ಟ ಮಾತು ಅವರ ಬಾಯಲ್ಲಿ ‘ಕರೂಊಣೇ’ ಆಗುತ್ತದೆ. ಹೀಗೆ ಕೂಗಿದರೆ ದೇವರಿಗೆ ಕರುಣೆ ಬರುತ್ತದೋ ತಲೆನೋವು ಬರುತ್ತದೋ, ನನಗಂತೂ ಎರಡನೆಯದೇ ಬರುತ್ತಿತ್ತು.

ಈ ಸಿಟ್ಟಿಗೆ ಕಾರಣ ಉಂಟು. ಮದುವೆಯಾಗಿ ಬಂದಾಗಿನಿಂದ ನಾನು ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದವಳು. ಶುಭ ಶುಕ್ರವಾರದ ಮಧ್ಯಾಹ್ನ ಜನ ಶಿಲುಬೆಗೆ ಮುತ್ತಿಡಲು ಸಾಲು ನಿಂತಾಗ ಮಗನನ್ನು ಕಳಕೊಂಡ ಮಾತೆಯ ಶೋಕಗೀತೆ ನನ್ನದೇ. ವಾದ್ಯವಿಲ್ಲ, ಬರೀ ಕಂಠ. ಅತ್ತೆ ಬಿದ್ದ ಮೇಲೆ ಅದನ್ನು ಬಿಟ್ಟೆ. ಅವರನ್ನು ಒಬ್ಬರನ್ನೇ ಬಿಟ್ಟು ಪ್ರಾಕ್ಟೀಸಿಗೆ ಹೋಗುವುದು ಹೇಗೆ? ನನ್ನ ಹಾಡು ಹೋಯಿತು, ಆ ಜಾಗಕ್ಕೆ ಈ ಡಬಡಬ ಬಂದು ಕೂತಿತು. ಬಟ್ಟೆ ಒಣಹಾಕಲು ತಾರಸಿಗೆ ಹೋದರೂ ಮೆಟ್ಟಿಲು ಹತ್ತಿ ಹಿಂದೆಯೇ ಬರುತ್ತಿತ್ತು. ದೂರದ ಚಾಮುಂಡಿ ಬೆಟ್ಟ ನೋಡುತ್ತಾ, ಅಲ್ಲಿಗಾದರೂ ಓಡಿಹೋಗೋಣವೇ ಅನ್ನಿಸುತ್ತಿತ್ತು.

ಒಂದೆರಡು ಸಲ ರೇಡಿಯೋ ಸಣ್ಣ ಮಾಡಲು ಹೋಗಿದ್ದೆ. ಅತ್ತೆ ‘ಇರ್ಲಿ ಬುಡು’ ಅಂದರು. ಹಾಡು ಬರುವಾಗ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಕಟ್ಟಿ ಮಲಗಿರುತ್ತಿದ್ದರು. ಅಷ್ಟು ಭಕ್ತಿಯಿಂದ ಕೇಳುವ ಮುದುಕಿಯ ಸುಖ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಈ ಸಲ ನಾನು ಕಾದಿದ್ದು ಶುಭ ಶುಕ್ರವಾರದ ಹಿಂದಿನ ದಿನಕ್ಕೆ, ಪವಿತ್ರ ಗುರುವಾರಕ್ಕೆ. ಆ ಸಂಜೆಯ ಪೂಜೆಯಿಂದ ಶನಿವಾರ ರಾತ್ರಿಯ ಪಾಸ್ಕ ಜಾಗರಣೆಯವರೆಗೆ ಚರ್ಚಿನಲ್ಲಿ ಗಂಟೆ ಬಾರಿಸುವುದಿಲ್ಲ, ಮರದ ಹಲಗೆ ಬಡಿಯುತ್ತಾರೆ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಟಿವಿ, ರೇಡಿಯೋ ಯಾವುದೂ ಇಲ್ಲ. ಇದು ಅತ್ತೆಯೇ ಮಾಡಿದ್ದ ಕಟ್ಟಳೆ.

ಶುಕ್ರವಾರ ಮಧ್ಯಾಹ್ನ ಗಂಡ ಚರ್ಚಿಗೆ ಹೋದರು. ಉಪವಾಸದ ಗಂಜಿ ಕುಡಿದು ನಾವಿಬ್ಬರೇ ಕೂತಿದ್ದೆವು. ಗಡಿಯಾರದ ಸದ್ದು ಕೇಳುತ್ತಿತ್ತು. ನಮ್ಮ ಮನೆ ಗಡಿಯಾರಕ್ಕೆ ಸದ್ದಿದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಅತ್ತೆ ಸೂರು ನೋಡುತ್ತಾ, “ಎಷ್ಟು ಹಾಯಾಗಿದೆ ಕಣಮ್ಮ,” ಅಂದರು.

ನನಗೆ ಅರ್ಥವಾಗಲಿಲ್ಲ. ರೇಡಿಯೋ ಇಲ್ಲದೆ ಬೇಜಾರಾಗುತ್ತಿಲ್ಲವೇ ಅಂತ ಕೇಳಿದೆ.

“ನಂಗ್ಯಾಕೆ ಬೇಜಾರು? ನಂಗೆ ಆ ಕೂಗಾಟ ಆಗಲ್ಲ. ತಡಕೊಳಕ್ಕಾಗದೆ ಕಣ್ಮುಚ್ಕೊಂಡು ನಿದ್ದೆ ಬಂದಂಗೆ ಮಲಗ್ತಿದ್ದೆ. ನನ್ನಿಂದ ನೀನು ಹಾಡೋದು ಬಿಟ್ಬುಟ್ಟೆ. ಅಡುಗೆಮನೇಲಿ ಸೌಟಲ್ಲಿ ತಾಳ ಹಾಕ್ತಿದ್ದೆಯಲ್ಲ, ಪಾಪ, ಇದಾದ್ರೂ ಇರ್ಲಿ ಅಂತ ಸುಮ್ನಿದ್ದೆ.”

ತಾಳ ಹಾಕುತ್ತಿದ್ದೆನಂತೆ! ಆ ರೇಡಿಯೋದವರ ತಾಳ ತಪ್ಪಿದಲ್ಲೆಲ್ಲ ರೇಗಿ ಪಾತ್ರೆಗೆ ಕುಟ್ಟುತ್ತಿದ್ದೆ, ಅಷ್ಟೇ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ವರ್ಷವಾಗುತ್ತಾ ಬಂದಿತ್ತು, ಒಬ್ಬರ ಸುಖಕ್ಕೆ ಅಂತ ಇನ್ನೊಬ್ಬರು ಒಂದೇ ಹಾಲಿನಲ್ಲಿ ನರಳಿದ್ದೆವು. ನನಗೆ ಸಿಟ್ಟು ಬಂತು, ಅವರ ಮೇಲೆ ಪ್ರೀತಿಯೂ ಬಂತು. ನನಗೂ ಆ ಹಾಡು ಆಗುತ್ತಿರಲಿಲ್ಲ ಅಂತ ಹೇಳಿದೆ. ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ, “ಮೂರು ಗಂಟೆ ಆಗ್ತಾ ಬಂತು, ಸ್ವಾಮಿ ಪ್ರಾಣ ಬಿಟ್ಟ ಹೊತ್ತು. ನಿನ್ನ ಶೋಕಗೀತೆ ಹಾಡು. ಅದನ್ನ ಕೇಳ್ಬೇಕು ಅಂತ ಎಷ್ಟು ದಿನದಿಂದ ಆಸೆ,” ಅಂದರು.

ಮಂಚದ ಪಕ್ಕ ಎದ್ದು ನಿಂತೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯ ಸಾಲಿನ ಕರುಣೆ ಅನ್ನುವ ಮಾತಿಗೆ ಬರುವ ಹೊತ್ತಿಗೆ ನಾಲಿಗೆ ತಾನಾಗಿ ಎಳೆಯಿತು. ಕರೂಊಣೇ. ನಿಲ್ಲಿಸಿದೆ. ನೀರು ಕುಡಿದು ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಮೊದಲ ಸಾಲಿಗೇ ಗಂಟಲು ಕಟ್ಟಿ ಆ ಗಾಯಕರ ಹಾಗೆಯೇ ಅಳುವ ದನಿ ಬಂತು. ನನ್ನ ರಾಗ ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ. ಆದರೂ ಬಿಡದೆ ಹಾಡುತ್ತಾ ಹೋದೆ.

ಅತ್ತೆ ಎದೆಯ ಮೇಲೆ ಕೈ ಕಟ್ಟಿ ಮೆಲ್ಲಗೆ ಕಣ್ಣು ಮುಚ್ಚಿಕೊಂಡರು.