ಹಳೇ ಮಿಷನ್ ಅಜ್ಜಿಯ ಕಣ್ಣಳತೆ

ಫ್ರಾಕಿನ ಎಡತೋಳು ಬಲತೋಳಿಗಿಂತ ಕಾಲು ಇಂಚು ಕೆಳಗೆ ಕೂತಿತ್ತು. ಇಡೀ ಬೀದಿಯಲ್ಲಿ ಅದನ್ನು ಗಮನಿಸಿದವಳು ಮಿಷನ್ ಅಜ್ಜಿ ಒಬ್ಬಳೇ. ಗಮನಿಸಿ ಒಳಗೊಳಗೇ ಹಿಗ್ಗಿದವಳೂ ಅವಳೊಬ್ಬಳೇ. ಆದರೆ ಆ ಹಿಗ್ಗು ಮೆಟ್ಟಿಲು ಹತ್ತಿ ಮನೆಗೆ ಬರುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಯಾಕೆಂದರೆ ಆ ಸೊಟ್ಟ ತೋಳಿನ ಫ್ರಾಕನ್ನು ಅವಳ ಮೊಮ್ಮಗಳು ಸೋಮವಾರ ಹಾಕಿಕೊಂಡಿದ್ದಳು, ಬುಧವಾರ ಹಾಕಿಕೊಂಡಿದ್ದಳು, ಒಗೆದು ಒಣಹಾಕಿದ್ದನ್ನು ಹಸಿಹಸಿಯಾಗಿ ಎಳೆದುಕೊಂಡು ಶುಕ್ರವಾರವೂ ಹಾಕಿಕೊಂಡಿದ್ದಳು. ಹೊಲಿದವಳು ಬೀಗಿತ್ತಿ, ಅಂದರೆ ಮಗಳ ಅತ್ತೆ. ಮೂವತ್ತೆರಡು ವರ್ಷದಿಂದ ಮಕ್ಕಳ ಬಟ್ಟೆ ಹೊಲಿದು ಹೆಸರು ಮಾಡಿದ ಮಿಷನ್ ಅಜ್ಜಿ ಕೊಟ್ಟ ಏಳು ಫ್ರಾಕುಗಳು ಅದೇ ಬೀಗಿತ್ತಿಯ ಮನೆಯ ಬೀರುವಿನಲ್ಲಿ ಇಸ್ತ್ರಿ ಕೆಡದೆ ನೇತಾಡುತ್ತಿದ್ದವು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಮಿಷನ್ ಅಜ್ಜಿ ಹುಟ್ಟುತ್ತಲೇ ಮಿಷನ್ ಅಜ್ಜಿಯಾಗಿರಲಿಲ್ಲ ಬಿಡಿ. ಮಗಳಿನ್ನೂ ತೊಟ್ಟಿಲಲ್ಲಿದ್ದಾಗ ಗಂಡ, ಛಾಪಖಾನೆಯಲ್ಲಿ ಅಚ್ಚು ಜೋಡಿಸುತ್ತಿದ್ದವನು, ಊರು ಬಿಟ್ಟು ಹೋಗುವ ಯಾರಿಂದಲೋ ಕಾಲಲ್ಲಿ ತುಳಿಯುವ ಹಳೆಯ ಮಿಷನ್ನೊಂದನ್ನು ತಂದು ಕಿಟಕಿಯ ಪಕ್ಕ ಇಟ್ಟ. ಅವನದೇ ಹಳೆಯ ಅಂಗಿಯೊಂದನ್ನು ಕತ್ತರಿಸಿ ಅವಳು ಮಗಳಿಗೆ ಫ್ರಾಕು ಹೊಲಿದಳು. ಎದುರು ಮನೆಯವರು ನೋಡಿ ತಮ್ಮ ಮಗುವಿಗೂ ಕೇಳಿದರು, ಅವರ ನಾದಿನಿ ಕೇಳಿದಳು, ಆಮೇಲೆ ಆ ಮಿಷನ್ನು ನಿಂತದ್ದೇ ಕಡಿಮೆ. ಗಂಡ ತೀರಿಹೋದ ವರ್ಷ ಹತ್ತು ಹನ್ನೆರಡು ದಿನ ಸುಮ್ಮನಿತ್ತು, ಅಷ್ಟೇ. ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲದ ಆ ಮುಂದಿನ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ ಕತ್ತರಿ, ಕಪಾಟಿನಲ್ಲಿ ಗುಂಡಿಗಳ ಡಬ್ಬಿ, ಮೇಜಿನ ಕೆಳಗೆ ಚಿಂದಿ ತುಂಬಿದ ಚೀಲ. ಬರಿಗಾಲಲ್ಲಿ ಬಂದವರಿಗೆ ಗುಂಡುಸೂಜಿ ಚುಚ್ಚುವುದು ಖಾತ್ರಿ.

ಅವಳು ನಿಜವಾಗಿ ಹೆಸರುವಾಸಿಯಾದದ್ದು ಹೊಲಿಗೆಗಲ್ಲ, ಕಣ್ಣಳತೆಗೆ. ಶಾಲೆ ಬಿಡುವ ಹೊತ್ತಿಗೆ ಕಿಟಕಿಯಲ್ಲಿ ನಿಂತು, ಬೀದಿಯಲ್ಲಿ ಹೋಗುವ ಮಗುವಿನ ಎದೆ ಸುತ್ತಳತೆಯನ್ನು ಅರ್ಧ ಇಂಚೂ ಆಚೀಚೆ ಇಲ್ಲದೆ ಹೇಳಿಬಿಡುತ್ತಿದ್ದಳು. ಹಾಗಂತ ಹೊರಗಿನ ಮಕ್ಕಳನ್ನು ಅಳೆಯದೆ ಬಿಡುತ್ತಿರಲಿಲ್ಲ. ಕಂಡವರ ಮಕ್ಕಳ ಬಟ್ಟೆ, ಹೆಚ್ಚುಕಡಿಮೆಯಾದರೆ ಮಾತು ಕೇಳಬೇಕಲ್ಲ. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಟೇಪಿನ ತುದಿಯಿಂದ ಕಂಕುಳಲ್ಲಿ ಕಚಗುಳಿಯಿಟ್ಟು, ಅಂಕಿಯನ್ನು ಅದರ ಬಾಯಿಂದಲೇ ಜೋರಾಗಿ ಹೇಳಿಸಿ, ಉದ್ದನೆಯ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು. ‘ಮೂಲೆಮನೆ ಚೂಟಿ.’ ‘ಹಲ್ಲು ಬಿದ್ದವನು.’ ‘ಡಾಕ್ಟರ ಮನೆ ಜೋಡಿ.’ ಒಬ್ಬೊಬ್ಬರಿಗೂ ಒಂದೊಂದು ಪುಟ. ಅಳೆಸಿಕೊಂಡ ಮಗು ಡಬ್ಬಿಗೆ ಕೈ ಹಾಕಿ ತನಗೆ ಬೇಕಾದ ಒಂದು ಗುಂಡಿ ಆರಿಸಿಕೊಳ್ಳಬಹುದಿತ್ತು.

ಮೊಮ್ಮಗಳಿಗೆ ಮಾತ್ರ ಟೇಪು ಹಿಡಿದದ್ದೇ ಇಲ್ಲ. ‘ನಮ್ಮ ಮಗುವಿನ ಅಳತೆ ನನಗೆ ಗೊತ್ತಿಲ್ವಾ?’ ಎನ್ನುವುದು ಅವಳ ಜಂಬ. ಹುಟ್ಟಿದಾಗಿನಿಂದ ಕಣ್ಣಳತೆಯಲ್ಲೇ ಹೊಲಿದಳು, ಎಲ್ಲವೂ ಸರಿಯಾಗಿ ಕೂತವು. ಮಗುವೂ ಮಾತು ಬಂದಂದಿನಿಂದ ಅವಳನ್ನು ‘ಮಿಷನ್ ಅಜ್ಜಿ’ ಎಂದು ಕರೆಯಿತು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಆ ಕಡೆಯ ಅಜ್ಜಿ ‘ಪೋಸ್ಟ್ ಅಜ್ಜಿ’ಯಾದಳು. ಒಬ್ಬರ ಪಟ್ಟಕ್ಕೆ ಇನ್ನೊಬ್ಬರು ಕೈ ಹಾಕದೆ ಐದು ವರ್ಷ ಚೆನ್ನಾಗಿಯೇ ಕಳೆಯಿತು.

ಬೀಗಿತ್ತಿ ನಿವೃತ್ತಳಾಗಿ ಹೊಲಿಗೆ ಮಿಷನ್ನು ಕೊಂಡದ್ದೇ ತಪ್ಪಾಯಿತು. ಕರೆಂಟಿನ ಮಿಷನ್ನು, ಅದಕ್ಕೊಂದು ದೀಪ ಬೇರೆ. ಮಿಷನ್ ಅಜ್ಜಿ ನೋಡಿಬರಲು ಹೋಗಿ, ಬಾಯ್ತುಂಬ ಹೊಗಳಿ, ಮನೆಗೆ ಬಂದು ಮೂಗು ಮುರಿದಳು. ಹೊಲಿಯುವವಳ ತಲೆಯಲ್ಲಿ ಇರಬೇಕಾದ ಬೆಳಕು ಮಿಷನ್ನಿನಲ್ಲಿದ್ದು ಏನು ಪ್ರಯೋಜನ ಎಂದುಕೊಂಡಳು. ಎದುರಿಗೆ ‘ನೀವು, ತಾವು’, ಮನಸ್ಸಿನಲ್ಲಿ ‘ಅವಳು, ಇವಳು’. ಒಂದೇ ವಾರದಲ್ಲಿ ಮೊಮ್ಮಗಳು ಇಬ್ಬರಿಗೂ ಹೊಸದಾಗಿ ನಾಮಕರಣ ಮಾಡಿದಳು. ಬೀಗಿತ್ತಿ ‘ಹೊಸ ಮಿಷನ್ ಅಜ್ಜಿ.’ ಇವಳು ‘ಹಳೇ ಮಿಷನ್ ಅಜ್ಜಿ.’ ಹಳೆಯದು ಮಿಷನ್ನು ಎಂದು ಎಲ್ಲರಿಗೂ ಗೊತ್ತು. ಆದರೂ ಆ ‘ಹಳೇ’ ಎನ್ನುವುದು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಉಳಿಯಿತು.

ಮೊಮ್ಮಗಳಿಗೆ ಆರು ತುಂಬುವ ಭಾನುವಾರ ಹತ್ತಿರ ಬಂತು. ಹುಟ್ಟುಹಬ್ಬದ ಫ್ರಾಕು ಪ್ರತಿ ವರ್ಷ ಮಿಷನ್ ಅಜ್ಜಿಯದೇ. ಈ ಸಲ ಮಗಳು ಫೋನಿನಲ್ಲಿ ತಡವರಿಸುತ್ತಾ ಹೇಳಿದಳು, “ಅಮ್ಮ, ಅತ್ತೆನೂ ಒಂದು ಹೊಲೀತಿದಾರೆ. ಅವಳಿಗೆ ಯಾವುದು ಇಷ್ಟ ಆಗುತ್ತೋ ಅದನ್ನ ಹಾಕ್ಕೊಳ್ಳಲಿ ಬಿಡು.”

“ಇದೇನು ಪಂದ್ಯಾನಾ?”

“ನೀನೇ ತಾನೇ ಪಂದ್ಯ ಮಾಡ್ಕೊಂಡಿರೋದು.”

ಪಂದ್ಯವೇ ಸರಿ ಎಂದು ಮಿಷನ್ ಅಜ್ಜಿ ಟೊಂಕ ಕಟ್ಟಿದಳು. ನಾಲ್ಕು ವರ್ಷದಿಂದ ಎತ್ತಿಟ್ಟಿದ್ದ ತಿಳಿ ಹಳದಿ ಬಟ್ಟೆ ತೆಗೆದಳು. ಒಂದೇ ತುಂಡು, ಮೈತುಂಬ ಸಾಸಿವೆಯಷ್ಟು ಬಿಳಿ ಹೂವು. ಎದೆ ಇಪ್ಪತ್ತಮೂರು ಎಂದು ಕಣ್ಣಲ್ಲೇ ಅಳೆದು ಕತ್ತರಿಸಿದಳು. ಹೊರಗಿನ ಮಕ್ಕಳ ಬಟ್ಟೆಯಲ್ಲಾದರೆ ಬೆಳೆಯುವ ಮೈಯೆಂದು ಹೊಲಿಗೆಯ ಒಳಗೆ ಒಂದು ಬೆರಳಗಲ ಬಟ್ಟೆ ಬಿಡುವುದು ಅವಳ ಪದ್ಧತಿ. ಇದಕ್ಕೆ ಬಿಡಲಿಲ್ಲ. ಒಳಗೆ ಬಟ್ಟೆ ಉಳಿದರೆ ಹೊಲಿಗೆ ಉಬ್ಬಿ ಕಾಣುತ್ತದೆ. ಬೀಗಿತ್ತಿ ತಿರುಗಿಸಿ ಮುರುಗಿಸಿ ನೋಡಿದರೂ ಒಂದು ಕೊಂಕು ಸಿಗಬಾರದು. ಕೊರಳುಪಟ್ಟಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದಳು, ನೆರಿಗೆಗಳನ್ನು ಎಣಿಸಿ ಎಣಿಸಿ ಹಿಡಿದಳು.

ಗುರುವಾರ ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಹಾಕಿ ನೋಡಲು ಬಂದಳು. ಫ್ರಾಕು ತಲೆಯಿಂದ ಇಳಿಯಿತು, ತೋಳು ಏರಿತು. ಬೆನ್ನಿನ ಝಿಪ್ಪು ಮಾತ್ರ ಅರ್ಧಕ್ಕೆ ಬಂದು ನಿಂತುಬಿಟ್ಟಿತು.

“ಹೊಟ್ಟೆ ಒಳಗೆ ಎಳ್ಕೋ.”

“ಎಳ್ಕೊಂಡಿದೀನಿ.”

“ಇನ್ನೂ ಎಳ್ಕೋ. ಶಾಲೆಯಿಂದ ಬರ್ತಾ ಏನು ತಿಂದ್ಕೊಂಡು ಬಂದೆ?”

“ಅಜ್ಜಿ, ಅದು ಹೊಟ್ಟೆ ಅಲ್ಲ, ಎದೆ,” ಎಂದಳು ಹುಡುಗಿ. “ನಂದು ಎದೆ ಇಪ್ಪತ್ತನಾಲ್ಕೂವರೆ.”

“ಯಾರು ಹೇಳಿದ್ದು ನಿನಗೆ?”

“ಹೊಸ ಮಿಷನ್ ಅಜ್ಜಿ. ತಿಂಗಳು ತಿಂಗಳೂ ಅಳೀತಾಳೆ. ಹೋದ ತಿಂಗಳು ಇಪ್ಪತ್ತನಾಲ್ಕಿತ್ತು.”

ಮಿಷನ್ ಅಜ್ಜಿಯ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆಯವರೆಗೆ ಕಾಗದಕ್ಕೆ ಮುದ್ರೆ ಒತ್ತುತ್ತಿದ್ದವಳು ತನ್ನ ಕಣ್ಣಳತೆಯಲ್ಲಿ ತಪ್ಪು ಹಿಡಿಯುವುದೇ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿ, ಬೆನ್ನು ತೆರೆದ ಫ್ರಾಕಿನಲ್ಲೇ ಹೋಗಿ ಮೇಜಿನ ಮೇಲಿದ್ದ ನೋಟುಬುಕ್ಕನ್ನು ತೆರೆದಳು. ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ವರ್ಷವೇ. ಅಂಗಡಿಯ ಬೋರ್ಡು, ಸಾಬೂನಿನ ಪೊಟ್ಟಣ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದೊಂದೇ ಪುಟ ಮಗುಚಿ, ಬೆರಳಿಟ್ಟು ಓದುತ್ತಾ ಹೋದಳು. ಮೂಲೆಮನೆ ಚೂಟಿ. ಹಲ್ಲು ಬಿದ್ದವನು. ಡಾಕ್ಟರ ಮನೆ ಜೋಡಿ. ಕೊನೆಯ ಪುಟದವರೆಗೆ ಹೋಗಿ, ಮತ್ತೆ ಮೊದಲಿನಿಂದ ನೋಡಿದಳು.

“ಇದ್ರಲ್ಲಿ ನಾನೆಲ್ಲಿ?”

ಮಿಷನ್ ಅಜ್ಜಿ ನೋಟುಬುಕ್ಕು ಮುಚ್ಚಲು ಕೈ ಚಾಚಿದಳು.

“ಎಲ್ಲಾರೂ ಇದಾರೆ,” ಎಂದಳು ಹುಡುಗಿ. ದೂರು ಹೇಳುವ ದನಿಯೂ ಅಲ್ಲ, ಸುಮ್ಮನೆ ಲೆಕ್ಕ ಒಪ್ಪಿಸುವ ದನಿ. “ಚೂಟಿಗೆ ನೀನು ಕಚಗುಳಿ ಇಟ್ಟೆ. ನನಗೆ ಯಾವತ್ತೂ ಇಟ್ಟಿಲ್ಲ.”

‘ನಿನ್ನ ಅಳತೆ ನನ್ನ ಕಣ್ಣಲ್ಲೇ ಇದೆ’ ಎಂದು ಹೇಳಬೇಕೆಂದುಕೊಂಡಳು ಅಜ್ಜಿ. ಅದು ಸುಳ್ಳೆಂದು ಅರ್ಧಕ್ಕೆ ನಿಂತ ಝಿಪ್ಪು ಎದುರಿಗೇ ಹೇಳುತ್ತಿತ್ತು. ಅವಳ ಕಣ್ಣಲ್ಲಿದ್ದದ್ದು ಹೋದ ವರ್ಷದ ಮಗು. ಬೀದಿಯ ಮಕ್ಕಳು ಬೆಳೆದದ್ದೆಲ್ಲ ಕಂಡಿತು, ತನ್ನದೇ ಮಗು ಬೆಳೆದದ್ದು ಕಾಣಲಿಲ್ಲ. ಅದನ್ನು ಕಂಡವಳು ಬೀಗಿತ್ತಿ. ನಾಚಿಕೆಯಾಯಿತು ನಿಜ, ಆದರೆ ನಾಚಿಕೆಗಿಂತ ಒಂದು ಹಿಡಿ ಹೆಚ್ಚಾಗಿ ಹೊಟ್ಟೆಕಿಚ್ಚೇ ಆಯಿತು.

ಅವಳು ಫ್ರಾಕು ಬಿಚ್ಚಿಸಿ, ಬಾಗಿಲು ಮುಂದೆ ಮಾಡಿ, ಸ್ಟೂಲು ಎಳೆದಳು. “ಹತ್ತು ಮೇಲೆ. ಯಾರಿಗೂ ಹೇಳ್ಬೇಡ.”

“ಏನು ಹೇಳ್ಬಾರ್ದು?”

“ನಾನು ಟೇಪು ಹಿಡಿದದ್ದು.”

ಕಂಕುಳಿಗೆ ಟೇಪು ತಾಗುತ್ತಲೇ ಹುಡುಗಿ ಕಿಲಕಿಲ ನಕ್ಕು ಸ್ಟೂಲಿನಿಂದ ಬೀಳುವಂತಾದಳು. ಎದೆ ಇಪ್ಪತ್ತನಾಲ್ಕೂವರೆ. ಕೂದಲೆಳೆಯಷ್ಟೂ ಆಚೆಯಿಲ್ಲ ಈಚೆಯಿಲ್ಲ. ಹಾಳಾದವಳು ಸರಿಯಾಗಿಯೇ ಅಳೆದಿದ್ದಾಳಲ್ಲ ಎಂದು ಹಲ್ಲು ಕಚ್ಚಿ, ಅಜ್ಜಿ ಹೊಸ ಪುಟ ತೆರೆದು ಮೇಲೆ ‘ಮೊಮ್ಮಗಳು’ ಎಂದು ಬರೆದಳು.

“ಆ ಅಜ್ಜಿನೂ ಹಾಗೇ ಬರ್ದಿದಾಳೆ,” ಎಂದಳು ಮೊಮ್ಮಗಳು.

ಅಜ್ಜಿ ಅದನ್ನು ಹೊಡೆದುಹಾಕಿದಳು. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿ, ದಪ್ಪಕ್ಷರದಲ್ಲಿ ‘ಮಗಳ ಮಗಳು’ ಎಂದು ಬರೆದಳು. ಇದನ್ನು ಬರೆಯಲಿ ನೋಡೋಣ ಅವಳು.

ಹುಡುಗಿ ಡಬ್ಬಿಗೆ ಕೈ ಹಾಕಿದಳು. ಆ ಡಬ್ಬಿ ಇಡೀ ಅವಳ ಕೈಗೇ ಸಿಗುತ್ತಿತ್ತು, ಬೇಕಾದಾಗ ಆಡಿ ಚೆಲ್ಲಿ ಹೋಗುತ್ತಿದ್ದಳು. ಆವತ್ತು ಮಾತ್ರ ಕಾಲು ಗಂಟೆ ಹುಡುಕಿ, ಒಂದೇ ಒಂದು ಕೆಂಪು ಗುಂಡಿ ಆರಿಸಿ, ಮುಷ್ಟಿಯಲ್ಲಿಟ್ಟುಕೊಂಡು ಹೋದಳು.

ಹಳದಿ ಫ್ರಾಕನ್ನು ಅಜ್ಜಿ ತಿರುವಿ ಹಾಕಿ ನೋಡಿದಳು. ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ. ಎರಡೂ ಪಕ್ಕಕ್ಕೆ ಬಿಳಿ ಪಟ್ಟಿ ಕೂಡಿಸಬಹುದಿತ್ತು. ಕೂಡಿಸಿದರೆ ಬೀಗಿತ್ತಿಗೆ ಗೊತ್ತಾಗುತ್ತದೆ, ಗೊತ್ತಾದರೆ ಆ ಕಣ್ಣಳತೆಯ ಕತೆ ಅಲ್ಲಿಗೆ ಮುಗಿಯಿತು. ಒಂದು ಗಂಟೆ ಒದ್ದಾಡಿ ಮಗಳಿಗೆ ಫೋನು ಮಾಡಿದಳು.

“ನಿಮ್ಮತ್ತೆ ಹೊಲಿದಿದ್ದನ್ನೇ ಹಾಕ್ಕೊಳ್ಳಲಿ. ಪಾಪ, ಹೊಸದಾಗಿ ಕಲೀತಿದಾರೆ. ಬೇಜಾರು ಮಾಡ್ಕೋತಾರೆ.”

“ಅಮ್ಮ, ಮೈ ಹುಷಾರಿದೆ ತಾನೇ?” ಎಂದಳು ಮಗಳು.

ಭಾನುವಾರ ಮಿಷನ್ ಅಜ್ಜಿ ಮುಖಕ್ಕೆ ನಗು ಅಂಟಿಸಿಕೊಂಡು ಹೋದಳು. ಮೊಮ್ಮಗಳು ಬೀಗಿತ್ತಿಯ ನೀಲಿ ಫ್ರಾಕಿನಲ್ಲಿ ಮನೆ ತುಂಬ ಓಡಾಡುತ್ತಿದ್ದಳು. ಬಂದವರೆಲ್ಲ ಹೊಗಳುವವರೇ. ಈ ಸಲ ಎರಡು ತೋಳೂ ಸೊಟ್ಟ, ಜೇಬಂತೂ ಸೊಂಟದಿಂದ ಜಾರಿ ತೊಡೆಗೆ ಬಂದಿತ್ತು. ಎದೆ ಮಾತ್ರ ಸರಿಯಾಗಿ ಕೂತಿತ್ತು. ಅದನ್ನು ನೋಡನೋಡುತ್ತ ಅವಳಿಗೆ ಬಾಯಲ್ಲಿದ್ದ ಕೇಕು ರುಚಿಸಲಿಲ್ಲ.

ಬೀಗಿತ್ತಿ ತಟ್ಟೆ ಹಿಡಿದು ಬಂದು ಪಕ್ಕದಲ್ಲೇ ಕೂತಳು. “ಬೀಗರೇ, ನಿಮ್ಮನ್ನ ಒಂದು ಕೇಳ್ಬೇಕು ಅಂತ ಬಹಳ ದಿನದಿಂದ ಅಂದ್ಕೋತಿದ್ದೆ. ನಾನು ಇವಳನ್ನ ಹತ್ತು ಸಲ ಅಳೆದ್ರೂ ತೋಳು ಕೂರಲ್ಲ. ನೀವು ಬರೀ ಕಣ್ಣಲ್ಲೇ ಅಳೆದು ಹೊಲೀತೀರಲ್ಲ, ಅದು ಹೇಗೆ?”

ಸುತ್ತ ನಾಲ್ಕು ಜನ ತಿರುಗಿ ನೋಡಿದರು. ಎದುರಿಗೇ ಮೊಮ್ಮಗಳು ನಿಂತಿದ್ದಳು, ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಆರು ವರ್ಷದ ಹುಡುಗಿ.

“ಈ ಅಜ್ಜಿಗೆ ಟೇಪೇ ಬೇಡ,” ಎಂದಳು ಮೊಮ್ಮಗಳು. “ಸುಮ್ನೆ ನೋಡ್ತಾಳೆ, ಅಷ್ಟೇ.”

ಹೇಳುವಾಗ ಅವಳ ಒಂದು ಕೈ ಆ ಜಾರಿದ ಜೇಬಿನೊಳಗಿತ್ತು. ಬಟ್ಟೆಯ ಮೇಲಿಂದಲೇ ಗೊತ್ತಾಗುತ್ತಿತ್ತು, ಬೆರಳುಗಳ ನಡುವೆ ಗುಂಡಿಯೊಂದು ಉರುಳುತ್ತಿತ್ತು. ಮಿಷನ್ ಅಜ್ಜಿಯ ಕಣ್ಣು ಮಂಜಾಯಿತು, ಏನೋ ಬಿದ್ದಿತೆಂದು ಉಜ್ಜಿಕೊಂಡಳು. ಉಜ್ಜಿ ನೋಡಿದರೆ ಬೀಗಿತ್ತಿ ಒಮ್ಮೆ ಮಗುವನ್ನೂ ಒಮ್ಮೆ ಇವಳನ್ನೂ ನೋಡುತ್ತಿದ್ದಳು, ತುಟಿ ಸ್ವಲ್ಪ ಬಿಗಿದುಕೊಂಡಿತ್ತು. ಆ ಮುಖ ಮಿಷನ್ ಅಜ್ಜಿಗೆ ಬಹಳ ಪರಿಚಯ. ಎಷ್ಟೋ ದಿನದಿಂದ ಕನ್ನಡಿಯಲ್ಲಿ ಕಾಣುತ್ತಿದ್ದುದು ಅದೇ ಮುಖ.

ಅಯ್ಯೋ ಪಾಪ ಅನಿಸಬೇಕಿತ್ತು. ಅನಿಸಲಿಲ್ಲ, ಕೇಕು ರುಚಿಸತೊಡಗಿತು.

“ಬುಧವಾರ ಮಧ್ಯಾಹ್ನ ಬನ್ನಿ,” ಎಂದಳು ಬೀಗಿತ್ತಿಗೆ, ದೊಡ್ಡ ಮನಸ್ಸು ಮಾಡಿ. “ತೋಳು ಕೂರಿಸೋದು ಹೇಳ್ಕೊಡ್ತೀನಿ.” ಕೊರಳುಪಟ್ಟಿಯ ವಿಷಯ, ಅವಳಾಗಿ ಕೇಳಿದರೆ ಆಗ ನೋಡಿದರಾಯಿತು ಎಂದುಕೊಂಡಳು.