ಖಂಡೆ ಪೂಜೆಯ ದಿನ ಕಿತ್ತ ವೈರು

ಸ್ವಿಚ್ಚಿಗೂ ನನ್ನ ಬೆರಳಿಗೂ ನಡುವೆ ಒಂದು ಗೇಣು ಅಂತರವಿತ್ತು. ಅಕ್ಕಿಆಲೂರಿನಲ್ಲಿ ಅಕ್ಕನ ಅಂಗಡಿಗೆ ಹೋದಾಗಲೆಲ್ಲ ಆ ಮೇಜಿನ ಮುಂದೆ ನಿಂತು ನಾನು ಈಗಲೂ ಅದನ್ನು ಅಳೆಯುತ್ತೇನೆ. ಕೈ ಒಂದು ಗೇಣು ಮುಂದೆ ಹೋಗಿದ್ದರೆ ಸಾಕಿತ್ತು. ಹೋಗಲಿಲ್ಲ.

ಕಂಪ್ಯೂಟರ್ ಓದಿದವಳು ನಾನು. ಹಾವೇರಿಯಲ್ಲಿ ಬಿಸಿಎ ಮುಗಿಸಿ, ಈಗ ಅಲ್ಲೇ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಅಕ್ಕ ಪಿಯುಸಿಗೆ ಓದು ಬಿಟ್ಟು, ಹಾನಗಲ್ಲಿನಲ್ಲಿ ಮೂರು ತಿಂಗಳು ಟೈಪಿಂಗ್ ಕಲಿತು, ಅಕ್ಕಿಆಲೂರಿನ ಸಂತೆಗೆ ಹೋಗುವ ದಾರಿಯಲ್ಲಿ ಅಂಗಡಿ ಹಾಕಿದವಳು. ಝೆರಾಕ್ಸು, ಅರ್ಜಿ ಟೈಪು ಎಲ್ಲ ಅಂಗಡಿಯಲ್ಲೂ ಇರುತ್ತವೆ. ಅಕ್ಕನಿಗೆ ಹೆಸರು ತಂದದ್ದು ಹಳೆಯ ಫೋಟೊಗಳು. ಗೆದ್ದಲು ತಿಂದದ್ದು, ಹೊಗೆ ಹಿಡಿದದ್ದು, ಮಡಚಿ ಬಿರುಕು ಬಿಟ್ಟದ್ದು, ಯಾವುದನ್ನು ತಂದರೂ ಅವಳು ಸ್ಕ್ಯಾನ್ ಮಾಡಿ ತಾಳ್ಮೆಯಿಂದ ಮುಖ ತುಂಬಿಸಿ ಗೋಡೆಗೆ ತೂಗುಹಾಕುವಂತೆ ಮಾಡಿಕೊಡುತ್ತಿದ್ದಳು. ಸತ್ತವರ ಕಣ್ಣು ತಿದ್ದುವಾಗ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಆ ವರ್ಷ ದಸರೆಗೆ ಮೊದಲು ಹತ್ತಿಮತ್ತೂರಿನಿಂದ ಒಬ್ಬ ಹಿರಿಯರು ಬಂದರು. ಜೋಳ, ಹತ್ತಿ ಬೆಳೆಯುವವರು. ನಾವು ಕಾಕಾ ಎನ್ನುತ್ತಿದ್ದೆವು. ಅವರು ತಂದದ್ದು ತಮ್ಮ ಅವ್ವನ ಕಪ್ಪುಬಿಳುಪು ಫೋಟೊ. ಅವ್ವ ಬದುಕಿದ್ದಾಗ ತೆಗೆಸಿದ್ದು ಅದೊಂದೇ. ಅದು ಚೌಕಟ್ಟಿನ ಗಾಜಿಗೇ ಅಂಟಿಹೋಗಿತ್ತು. ಅಕ್ಕ ಗಾಜಿನ ಸಮೇತ ಸ್ಕ್ಯಾನ್ ಮಾಡಿದಳು. ಆಮೇಲೆ ಕಾಕಾ ಮನೆಗೆ ಹೋಗಿ, ಹೊಸ ಗಾಜು ಹಾಕಿಸಲೆಂದು ಫೋಟೊ ಬಿಡಿಸಲು ನೋಡಿದಾಗ, ಮುಖದ ಅರ್ಧ ಭಾಗ ಗಾಜಿನಲ್ಲೇ ಉಳಿದು ಚೂರುಚೂರಾಯಿತು. ಆ ತಾಯಿ ಇನ್ನು ಇದ್ದದ್ದು ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ.

ಆದರೂ ಪ್ರಿಂಟ್ ತೆಗೆಯುವುದು ತಡವಾಯಿತು. ಕಾಕಾಗೆ ಬಣ್ಣದ ಫೋಟೊ ಬೇಕಿತ್ತು.

"ಸೀರಿ ಯಾವ ಬಣ್ಣದ್ರಿ ಕಾಕಾ?" ಎಂದು ಅಕ್ಕ ಕೇಳಿದಳು.

"ಹಸರು."

"ಯಾವ ಹಸರ್ರಿ? ಎಲಿ ಹಸರೋ, ಗಿಳಿ ಹಸರೋ?"

"ಏ ತಂಗೆವ್ವಾ, ನಾ ಅವ್ವನ ಸೀರಿ ನೋಡಿದ್ನೋ, ಅವ್ವನ ಕೈಯಾಗಿನ ರೊಟ್ಟಿ ನೋಡಿದ್ನೋ? ತಡಿ, ಹಿರೇಕೆರೂರಾಗ ನಮ್ಮಕ್ಕ ಅದಾಳ. ಆಕಿಗೆ ಕೇಳಿಕೊಂಡು ಬರ್ತೇನಿ. ದೀಪಾವಳಿಗೆ ಹಿರಿಯರ ಪೂಜಿಗೆ ಸಿಕ್ರ ಸಾಕು."

ಹೀಗೆ ಫೋಟೊ ಕಂಪ್ಯೂಟರಿನಲ್ಲೇ ಉಳಿಯಿತು. ಅಕ್ಕ ಎಚ್ಚರದವಳು. ಪ್ರತಿ ಶನಿವಾರ ಎಲ್ಲ ಫೋಟೊಗಳನ್ನೂ ಹೊರಗಿನ ಒಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬೇರ್ಪಡಿಸಿ ಮನೆಗೆ ಒಯ್ದು ಟ್ರಂಕಿನಲ್ಲಿ ಇಡುತ್ತಿದ್ದಳು. ನನ್ನ ತರಗತಿಯಲ್ಲಿ ನಾನು ಹೇಳುವುದೂ ಅದನ್ನೇ.

ಎಚ್ಚರವಿಲ್ಲದ್ದು ಇನ್ನೊಂದು ವಿಷಯದಲ್ಲಿ. ಆ ಕಂಪ್ಯೂಟರನ್ನು ನಡೆಸುವ ಸಿಸ್ಟಂ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ನಾವು ಕೊಂಡಿರಲಿಲ್ಲ. ಸುತ್ತಲಿನ ಅಂಗಡಿಗಳಲ್ಲಿ ಯಾರೂ ಕೊಂಡಿರಲಿಲ್ಲ. ರಿಪೇರಿಯವನು ಒಂದು ಡಿಸ್ಕಿನಿಂದ ಹಾಕಿಕೊಟ್ಟಿದ್ದ. ವರ್ಷಕ್ಕೊಮ್ಮೆ ಅದು ತಕರಾರು ತೆಗೆದರೆ ನೆಟ್ಟಿನಿಂದ ಕ್ರ್ಯಾಕ್ ಎಂಬ ಕಳ್ಳಕೀಲಿಯೊಂದನ್ನು ಇಳಿಸಿ, ಅದಕ್ಕೆ ಅಡ್ಡಬರುವ ಆಂಟಿವೈರಸ್ ಆಫ್ ಮಾಡಿ ಬಾಯಿ ಮುಚ್ಚಿಸುತ್ತಿದ್ದೆವು. ನವಮಿಗೆ ಎರಡು ದಿನ ಮೊದಲು ಅದನ್ನು ಮಾಡಿದವಳು ನಾನೇ. ಹಬ್ಬಕ್ಕೆ ಬಂದಿದ್ದೆ, ತಂಗಿ ಓದಿದಾಕಿ ಎಂದು ಅಕ್ಕ ನನ್ನ ಕೈಗೆ ಕೊಟ್ಟಿದ್ದಳು.

ಮಹಾನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಕುಡಗೋಲು, ಹೊಲಿಗೆ ಯಂತ್ರ, ತಕ್ಕಡಿ, ಟ್ರ್ಯಾಕ್ಟರು, ಯಾರ ಅನ್ನ ಯಾವುದರಲ್ಲಿದೆಯೋ ಅದಕ್ಕೆ ಪೂಜೆ. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಕೊಡುವವರೆಗೆ ಮುಟ್ಟಬಾರದು. ಈ ವಿಷಯದಲ್ಲಿ ನಮ್ಮ ಅವ್ವ ಬಹಳ ಕಟ್ಟುನಿಟ್ಟು. ಅವತ್ತು ಅಂಗಡಿಗೆ ಬಂದ ಅವ್ವ ಮೇಜು ನೋಡಿ ಕೇಳಿದಳು: "ಟ್ರಂಕಿನ್ಯಾಗ ಇರತೈತಲ್ಲ ಆ ಡಬ್ಬಿ, ಅದ್ಯಾಕ ಇಲ್ಲ? ಅದೇನು ಮಲಮಗಾ?"

ಅಕ್ಕ ಡಿಸ್ಕನ್ನು ತಂದು ಕಂಪ್ಯೂಟರಿಗೆ ಜೋಡಿಸಿದಳು. ಎಲ್ಲವೂ ಕೂಡಿಯೇ ಪೂಜೆಗೆ ಕೂರಲಿ ಎಂಬುದು ಅವಳ ಆಸೆ. ಅಷ್ಟಕ್ಕೇ ಬಿಡದೆ ಡಿಸ್ಕಿನಲ್ಲಿದ್ದ ಫೋಟೊಗಳನ್ನು ಸಣ್ಣ ಸಣ್ಣ ಚೌಕಗಳಾಗಿ ಪರದೆಯ ತುಂಬ ತೆರೆದಿಟ್ಟಳು, ಆ ಹಿರಿಯರಿಗೂ ಆರತಿ ಮುಟ್ಟಲೆಂದು. ಪ್ರತಿ ಫೋಟೊಗೂ ಇಂಗ್ಲಿಷ್ ಅಕ್ಷರದಲ್ಲಿ ಊರಿನ ಹೆಸರಿಟ್ಟಿದ್ದಳು. ಹಾಗಾಗಿ ಆ ಅಕ್ಷರಗಳ ಕ್ರಮದಲ್ಲಿ ಮೊದಲು ಅಕ್ಕಿಆಲೂರಿನವರು, ಆಮೇಲೆ ಹಾನಗಲ್ಲಿನವರು, ಕೊನೆಯ ಸಾಲಿನಲ್ಲಿ ಕಾಕಾನ ಅವ್ವ. ಚೆಂಡುಹೂವಿನ ಮಾಲೆ, ವಿಭೂತಿ, ಕುಂಕುಮ, ಊದುಬತ್ತಿ, ಮೇಜಿಗೆ ಒರಗಿಸಿದ ಕಬ್ಬಿನ ಜಲ್ಲೆ, ಅದರ ಬುಡದಲ್ಲಿ ಎಣ್ಣೆದೀಪ. ನೆಟ್ಟು ಚಾಲೂ ಇತ್ತು. ಕದ್ದ ಸಿಸ್ಟಂಗೆ ನಾವು ಊದುಬತ್ತಿ ಬೆಳಗಿದ್ದೆವು.

ಮಧ್ಯಾಹ್ನ ಊಟ ಮುಗಿಸಿ ಮೂವರೂ ಅಂಗಡಿಗೆ ಮರಳಿ ಬಂದಾಗ ಮೊದಲು ನೋಡಿದವಳು ಅಕ್ಕ.

"ಏ, ಫೋಟೊದಾಗಿನ ಮಾರಿಗೋಳು ಹೋಗಾಕತ್ತಾವಲ್ಲ!"

ಮೊದಲ ಸಾಲಿನ ಚೌಕಗಳೆಲ್ಲ ಬೆಳ್ಳಗಾಗಿದ್ದವು. ನೋಡುತ್ತಿದ್ದಂತೆ ಎರಡನೆಯ ಸಾಲಿನ ಒಬ್ಬ ಪೇಟದ ಅಜ್ಜ ಹೋದ. ಅವನ ಪಕ್ಕದ ಮದುಮಗಳು ಹೋದಳು. ಹೆಸರಿನ ತುದಿಗೆ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಳ್ಳುತ್ತಿದ್ದವು. ಅದೇನೆಂದು ನನಗೆ ಒಂದೇ ಕ್ಷಣದಲ್ಲಿ ತಿಳಿಯಿತು. ಕ್ರ್ಯಾಕಿನ ಜೊತೆ ಒಳಗೆ ಬಂದದ್ದು, ಒಂದೊಂದೇ ಕಡತಕ್ಕೆ ಬೀಗ ಹಾಕಿ ಕೊನೆಗೆ ಹಣ ಕೇಳುವಂಥದ್ದು. ಪಾಠ ಮಾಡುವಾಗ ನಾನು ಇದರ ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆಸಿದ್ದೇನೆ. ಮಾಡಬೇಕಾದ ಮೊದಲ ಕೆಲಸ ಕರೆಂಟು ತೆಗೆಯುವುದು ಎಂದೂ ಬರೆಸಿದ್ದೇನೆ. ಕಂಪ್ಯೂಟರಿನ ಸ್ವಿಚ್ಚಿನತ್ತ ಕೈ ಮುಂದೆ ಹೋಯಿತು.

"ಮುಟ್ಟಬ್ಯಾಡ! ಪೂಜಿ ಆಗೇತಿ!" ಎಂದಳು ಅವ್ವ.

ಕೈ ಅಲ್ಲೇ ನಿಂತಿತು. ದೇವರ ಭಯವೋ, ಅವ್ವನ ಭಯವೋ, ತಪ್ಪು ನನ್ನದೇ ಎಂಬ ಗಾಬರಿಯೋ, ಇವತ್ತಿಗೂ ಬಗೆಹರಿದಿಲ್ಲ. ಮುಖಗಳು ಹೋಗುತ್ತಲೇ ಇದ್ದವು.

ಅಕ್ಕ ಅವ್ವನ ಕಡೆ ತಿರುಗಿಯೂ ನೋಡಲಿಲ್ಲ. "ಯಂತ್ರ ಮುಟ್ಟೂದಿಲ್ಲ ತಗೋ," ಎಂದು ಓಡಿಹೋಗಿ ಗೋಡೆಯ ಮೇನ್ ಸ್ವಿಚ್ ಕೆಡವಿದಳು. ಫ್ಯಾನು ನಿಂತಿತು. ಪರದೆ ಕಪ್ಪಾಯಿತು. ನಾನು ಉಸಿರು ಬಿಟ್ಟೆ. ಆಗ ಮೇಜಿನ ಕೆಳಗಿನಿಂದ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಪರದೆಗೆ ಮಾತ್ರ ಕರೆಂಟು ಹೋಗಿತ್ತು. ಕಂಪ್ಯೂಟರ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಒಳಗೆ ಬೀಗ ಬೀಳುತ್ತಲೇ ಇತ್ತು, ಎಷ್ಟನೆಯ ಸಾಲು ಎಂದು ನಮಗೆ ಈಗ ಕಾಣುತ್ತಲೂ ಇರಲಿಲ್ಲ.

ಅಕ್ಕ ಮೇಜಿನ ಕೆಳಗೆ ನುಗ್ಗಿದಳು. ಕಬ್ಬಿನ ಜಲ್ಲೆ ಬಿತ್ತು, ದೀಪ ಮಗುಚಿ ಎಣ್ಣೆ ಅವಳ ಸೆರಗಿಗೆ ಹರಿಯಿತು. ಯುಪಿಎಸ್‌ನಿಂದ ಕಂಪ್ಯೂಟರಿಗೆ ಹೋಗುವ ವೈರನ್ನು ಎರಡೂ ಕೈಯಿಂದ ಹಿಡಿದು ಕಿತ್ತಳು. ಎಲ್ಲ ತಣ್ಣಗಾಯಿತು. ಎಣ್ಣೆಬತ್ತಿ ಅವಳ ಕಾಲ ಬಳಿ ಇನ್ನೂ ಉರಿಯುತ್ತಿತ್ತು. ಅದನ್ನು ಚಪ್ಪಲಿಯಿಂದ ಆರಿಸಿದವಳು ಅವ್ವ.

ಮರುದಿನ ಬನ್ನಿ ಹಂಚಿದ ಮೇಲೆ ಅಕ್ಕ ಒಂದು ಎಲೆಯನ್ನು ಕಂಪ್ಯೂಟರಿನ ಮೇಲೂ ಇಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರು ಮಾರಾಯ," ಎಂದು ಹೇಳಿ ನನ್ನ ಕಡೆ ತಿರುಗಿದಳು.

"ಚಾಲೂ ಮಾಡಿದ್ರ ಮತ್ತ ಬೀಗ ಹಾಕತೈತೇನು?"

"ಹಾಕತೈತಿ."

"ಅದರ ಸಿಸ್ಟಂ ಎಬ್ಬಸದಂಗ ಒಳಗ ಹೋಗಾಕ ಬರೂದಿಲ್ಲೇನು? ನಿಮ್ಮ ಕಾಲೇಜಿನ್ಯಾಗ ಇನ್ನೊಂದು ಕಲಿಸಿದ್ರು ಅಂತಿದ್ದಿ."

ಅವಳು ಕೇಳಿದ್ದು ಲಿನಕ್ಸ್. ಯಾರು ಬೇಕಾದರೂ ಇಳಿಸಿಕೊಂಡು, ಹಂಚಿಕೊಂಡು, ಬೇಕಾದಂತೆ ತಿದ್ದಿಕೊಂಡು ಬಳಸಬಹುದಾದ ಸಿಸ್ಟಂ. ಪರೀಕ್ಷೆಗೆ ಓದಿ, ಅಂಕ ತೆಗೆದು, ಮರೆತುಬಿಟ್ಟಿದ್ದೆ. ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡರೆ ಕಂಪ್ಯೂಟರ್ ಆ ಪೆನ್‌ಡ್ರೈವಿನಿಂದಲೇ ಶುರುವಾಗುತ್ತದೆ, ಒಳಗಿನ ಸಿಸ್ಟಂ ಮಲಗಿಯೇ ಇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿದ್ಧಮಾಡಿದೆ. ಮೂರು ಸಲ ಯಂತ್ರ ಒಪ್ಪಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಪರದೆಯ ಮೇಲೆ ಬಂದ ಇಂಗ್ಲಿಷನ್ನು ಒಂದೊಂದೇ ಪದ ಬಿಡಿಸಿ ಓದುತ್ತಿದ್ದಳು. ನಾಲ್ಕನೆಯ ಸಲ ನಾನು ಓದದೆ ದಾಟಿಹೋಗುತ್ತಿದ್ದ ಸಾಲಿನ ಮೇಲೆ ಅವಳು ಬೆರಳಿಟ್ಟಳು. "ಇಲ್ಲಿ ಮೊದಲು ಹಾರ್ಡ್‌ಡಿಸ್ಕ್ ಅಂತೈತಿ. ಪೆನ್‌ಡ್ರೈವ್ ಮ್ಯಾಲೆ ತಾ." ಮೇಲಕ್ಕೆ ತಂದೆ. ಶುರುವಾಯಿತು.

ಒಳಗಿನ ಡಿಸ್ಕಿನಲ್ಲಿ ಒಂದೂ ಉಳಿದಿರಲಿಲ್ಲ. ಹೊರಗಿನ ಡಿಸ್ಕಿನಲ್ಲಿ ಅಕ್ಕಿಆಲೂರಿನವರು ಪೂರ್ತಿ ಹೋಗಿದ್ದರು, ಹಾನಗಲ್ಲಿನವರೂ ಇಬ್ಬರನ್ನು ಬಿಟ್ಟು ಎಲ್ಲ. ಆ ಇಬ್ಬರ ನಂತರ ಹತ್ತಿಮತ್ತೂರು. ಅಕ್ಕ ಅದರ ಮೇಲೆ ಒತ್ತಿದಳು. ಕ್ಷಣ ಹೊತ್ತು ಏನೂ ಬರಲಿಲ್ಲ. ಆಮೇಲೆ ಹಣೆಯ ತುಂಬ ವಿಭೂತಿ ಧರಿಸಿ, ಕ್ಯಾಮೆರಾದವನ ಮೇಲೆ ಸಿಟ್ಟಿದ್ದವರಂತೆ ಕೂತ ಆ ತಾಯಿ ಬಂದರು. ಅಕ್ಕ ಅಳಲಿಲ್ಲ. "ಮೊದಲ ನಕಲು ಮಾಡು," ಎಂದಳು. ನಾನೇ ಅತ್ತದ್ದು.

ಆ ವಾರ ಅಕ್ಕ ಹಳೆಯ ಸಿಸ್ಟಂ ಪೂರ್ತಿ ತೆಗೆಸಿದಳು. ಹೋದ ಫೋಟೊಗಳ ಮನೆಗಳಿಗೆ ತಾನೇ ಹೋಗಿ, ಆದದ್ದನ್ನು ಹೇಳಿ, ಮೂಲ ಫೋಟೊ ಇಸಿದುಕೊಂಡು ಬಂದು ಮತ್ತೆ ಸ್ಕ್ಯಾನ್ ಮಾಡಿದಳು. ಲಿನಕ್ಸಿನಲ್ಲಿ ಎಲ್ಲವೂ ಸುಲಭವಾಗಿರಲಿಲ್ಲ. ಪ್ರಿಂಟರ್ ಎರಡು ವಾರ ಸತಾಯಿಸಿತು. ಗಿರಾಕಿಗಳು ಪೆನ್‌ಡ್ರೈವಿನಲ್ಲಿ ತಂದ, ಹಳೆಯ ಕನ್ನಡ ಫಾಂಟಿನಲ್ಲಿ ಟೈಪಾಗಿದ್ದ ಅರ್ಜಿಗಳು ಕಸದಂತೆ ಕಂಡವು, ಅವನ್ನೆಲ್ಲ ಹೊಸದಾಗಿ ಟೈಪು ಮಾಡಿದಳು. ಪಕ್ಕದ ಅಂಗಡಿಯವನು, "ಪುಕ್ಕಟೆ ಸಿಕ್ಕಿದ್ದು ಎಷ್ಟು ದಿನ ಬಾಳತೈತ್ರಿ ಅಕ್ಕಾರ?" ಎಂದು ಕೆಣಕಿದ. "ನಿಂದೂ ಪುಕ್ಕಟೇನ ಅಲ್ಲೇನೋ? ನೀ ಕದ್ದಿ, ನನಗ ಇದನ್ನ ಮಾಡಿದವರೇ ಕೊಟ್ಟಾರ," ಎಂದಳು. ಈಗ ಶಿಗ್ಗಾವಿ, ಸವಣೂರಿನ ಅಂಗಡಿಗಳವರು ಅವಳನ್ನು ಕರೆಸಿಕೊಳ್ಳುತ್ತಾರೆ. ಪರ್ಸಿನಲ್ಲಿ ಪೆನ್‌ಡ್ರೈವ್ ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ಒಮ್ಮೆ ನಾನೂ ಹೋಗಿದ್ದೆ. ಶಿಗ್ಗಾವಿಯವರು ನನಗೆ ಕುರ್ಚಿ ಕೊಟ್ಟು, "ಮೇಡಂ, ನೀವ ಹಾಕ್ತೀರೇನ್ರಿ?" ಎಂದರು. ಹಾಕುವವಳು ಅವಳು ಎಂದು ಹೇಳುವಾಗ ನನ್ನ ದನಿ ಬೇಕಾದುದಕ್ಕಿಂತ ಜೋರಾಗಿತ್ತು.

ಇದೆಲ್ಲ ಆಮೇಲಿನ ಮಾತು. ದೀಪಾವಳಿಗೆ ನಾಲ್ಕು ದಿನವಿದ್ದಾಗ ಕಾಕಾ ಬಂದರು. ನಾನೂ ಅಂಗಡಿಯಲ್ಲಿದ್ದೆ. ಸೀರೆ ದಾಳಿಂಬೆ ಬಣ್ಣದ್ದಂತೆ, ಹಸಿರು ಇವರ ಭ್ರಮೆಯಂತೆ. ಅಕ್ಕ ಬಣ್ಣ ಕೂಡಿಸಿ, ಪ್ರಿಂಟ್ ತೆಗೆದು ಅವರ ಮುಂದೆ ಇಟ್ಟಳು. ಅವರು ಟೋಪಿ ತೆಗೆದರು. ಬಹಳ ಹೊತ್ತು ನೋಡಿದರು.

"ಕಾಕಾ, ಒಂದು ಮಾತು ಹೇಳಬೇಕ್ರಿ," ಎಂದಳು ಅಕ್ಕ. ಬೇಡ ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಅವಳು ಎಲ್ಲ ಹೇಳಿದಳು, ಕ್ರ್ಯಾಕ್ ಹಾಕಿದ್ದನ್ನು, ಪೂಜೆಗೆ ಡಿಸ್ಕು ಜೋಡಿಸಿದ್ದನ್ನು, ಬೆಳ್ಳಗಾದ ಸಾಲುಗಳನ್ನು. "ಇನ್ನೆರಡು ಫೋಟೊ ಆಗಿದ್ರ ನಿಮ್ಮವ್ವನೂ ಹೋಗ್ತಿದ್ರು. ತಪ್ಪು ನಮ್ಮದ್ರಿ."

ಕಾಕಾ ಫೋಟೊವನ್ನು ಎದೆಗೆ ಒತ್ತಿಕೊಂಡರು, ಯಾರೋ ಕಸಿದುಕೊಳ್ಳುವವರಿದ್ದಾರೆ ಎಂಬಂತೆ.

"ವೈರ್ ಕಿತ್ತವರು ಯಾರವ್ವ?"

"ಇಬ್ರೂ ಕೂಡೇ ಕಿತ್ತಿವ್ರಿ," ಎಂದಳು ಅಕ್ಕ.

"ಇಲ್ರಿ ಕಾಕಾ," ಎಂದೆ ನಾನು. "ಕಿತ್ತಾಕಿ ಇಕಿ ಒಬ್ಬಾಕಿನ. ನಾ ನಿಂತು ನೋಡಿದೆ."

ಅವರು ನನ್ನನ್ನು ಬೈಯಲಿಲ್ಲ. ಅಕ್ಕನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಟೋಪಿ ಹಾಕಿಕೊಂಡು, "ಇನ್ನೆರಡು ತೆಗಿ ತಂಗೆವ್ವಾ," ಎಂದರು. "ಒಂದು ಹಿರೇಕೆರೂರಿಗೆ. ಇನ್ನೊಂದು ನಿನ್ನ ಅಂಗಡಿ ಗ್ವಾಡಿಗೆ."